ಸ್ಕೈರಿಮ್‌ನಲ್ಲಿ ಮ್ಯಾಜಿಕಾ ಖಾಲಿಯಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕನ ಮಗ ದಸರಾ ರಜೆಯಲ್ಲಿ ಸ್ಕೈರಿಮ್ ಅನ್ನೋ ವಿಡಿಯೋ ಗೇಮ್ ಶುರು ಮಾಡಿದ. ಕತ್ತಿ ಬೇಡ, ಬಿಲ್ಲು ಬೇಡ, ಮಂತ್ರಾನೇ ಬೇಕು ಅಂತ ಹಟ. ಎರಡನೇ ದಿನಕ್ಕೇ ಫೋನ್ ಬಂತು. "ಮಾಮ, ನೀಲಿ ಪಟ್ಟಿ ಖಾಲಿ. ತೋಳ ಅಟ್ಟಿಸ್ಕೊಂಡು ಬರ್ತಿದೆ. ಏನ್ ಮಾಡ್ಲಿ?" ಓಡು ಅಂದೆ. ಆ ನೀಲಿ ಪಟ್ಟಿಯೇ ಮ್ಯಾಜಿಕಾ, ಅಂದರೆ ಮಂತ್ರ ಹಾಕಲು ಬೇಕಾದ ಶಕ್ತಿ. ಆಮೇಲಿಂದ ದಿನಕ್ಕೆ ನಾಲ್ಕು ಫೋನ್. ಅವನು ಕೇಳಿದ್ದು, ಅವನ ಗೆಳೆಯರು ಕೇಳಿಸಿದ್ದು, ಎಷ್ಟೋ ವರ್ಷದ ಹಿಂದೆ ನಾನೇ ತಲೆ ಕೆರೆದುಕೊಂಡಿದ್ದು, ಎಲ್ಲ ಸೇರಿಸಿ ಇಲ್ಲಿ ಹಾಕಿದ್ದೇನೆ. 2011ರ ಮೂಲ ಆಟವಾಗಲಿ, 2016ರ ಸ್ಪೆಷಲ್ ಎಡಿಷನ್ ಆಗಲಿ, 2021ರ ಆನಿವರ್ಸರಿ ಎಡಿಷನ್ ಆಗಲಿ, ಲೆಕ್ಕ ಒಂದೇ. ಮಾಡ್ (ಆಟವನ್ನು ಬದಲಿಸುವ, ಬೇರೆಯವರು ಮಾಡಿದ ಸೇರ್ಪಡೆ) ಹಾಕಿಕೊಂಡಿದ್ದರೆ ಮಾತ್ರ ನನ್ನನ್ನು ಕೇಳಬೇಡಿ.

ಮ್ಯಾಜಿಕಾ ತಾನಾಗೇ ತುಂಬುತ್ತೆ ಅಲ್ವಾ? ಪೋಷನ್ (ಕುಡಿಯುವ ಮದ್ದಿನ ಬಾಟಲಿ) ಯಾಕೆ ಬೇಕು?

ತುಂಬುತ್ತೆ. ಆದರೆ ಜಗಳ ಇಲ್ಲದಾಗ ತುಂಬೋದೇ ಬೇರೆ, ಜಗಳದ ನಡುವೆ ತುಂಬೋದೇ ಬೇರೆ. ಸುಮ್ನೆ ನಡೆಯುತ್ತಿರುವಾಗ ನಿಮ್ಮ ಒಟ್ಟು ಮ್ಯಾಜಿಕಾದ 3% ಪ್ರತಿ ಸೆಕೆಂಡಿಗೆ ವಾಪಸ್ ಬರುತ್ತದೆ. ಶತ್ರು ಎದುರಾದ ತಕ್ಷಣ ಅದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ 1%. ಆಟದ ಶುರುವಿನಲ್ಲಿ ನಿಮ್ಮ ಬಳಿ ಇರೋದು 100 ಮ್ಯಾಜಿಕಾ. ನಿಮ್ಮ ಪಾತ್ರ ಹೈ ಎಲ್ಫ್ ಜನಾಂಗದ್ದಾಗಿದ್ದರೆ 150. ಹಾಗಾದರೆ ಜಗಳದ ನಡುವೆ ಸೆಕೆಂಡಿಗೆ ಒಂದೋ ಒಂದೂವರೆಯೋ ಬರುತ್ತದೆ, ಅಷ್ಟೇ. ಫೈರ್‌ಬೋಲ್ಟ್ ಎಂಬ ಬೆಂಕಿ ಮಂತ್ರ ಒಂದಕ್ಕೆ ಸುಮಾರು 40 ಬೇಕು. ಎರಡು ಹೊಡೆದ ಮೇಲೆ ಮೂರನೆಯದಕ್ಕೆ ಕಾಯುತ್ತಾ ನಿಂತರೆ ಅಷ್ಟರಲ್ಲಿ ಡಕಾಯಿತ ಬಂದು ಕೊಡಲಿಯಲ್ಲಿ ಹೊಡೆದು ಹೋಗಿರುತ್ತಾನೆ.

ಇನ್ನೊಂದು ವಿಷಯ. ಮಂತ್ರ ಹಾಕುತ್ತಿರುವಾಗ, ಅಥವಾ ಹಾಕಲು ಕೈಯಲ್ಲಿ ಹಿಡಿದುಕೊಂಡು ನಿಂತಿರುವಾಗ, ಒಂದು ಹನಿಯೂ ತುಂಬುವುದಿಲ್ಲ. ಹೊಸಬರು ಬೆಂಕಿಯನ್ನು ಕೈಯಲ್ಲೇ ಹಿಡಿದು ಗುರಿ ನೋಡುತ್ತಾ ನಿಲ್ಲುತ್ತಾರೆ. ಬಟನ್ ಬಿಡಿ. ಆಗ ಪಟ್ಟಿ ಏರಲು ಶುರುವಾಗುತ್ತದೆ.

ಜಗಳ ಮುಗಿದ ಮೇಲೆ ಬೇಗ ತುಂಬಿಸೋಕೆ ಪೋಷನ್ ಕುಡಿಯಲಾ?

ಬೇಡವೇ ಬೇಡ. ವೇಟ್ ಒತ್ತಿ, ಪಿಸಿಯಲ್ಲಿ ಅದು ಟಿ ಕೀ. ಒಂದು ಗಂಟೆ ಕಾಯಿಸಿದರೆ ಜೀವ, ಮ್ಯಾಜಿಕಾ, ಸ್ಟ್ಯಾಮಿನಾ (ದಮ್ಮು) ಮೂರೂ ಪೂರ್ತಿ. ಖರ್ಚು ಸೊನ್ನೆ. ಹತ್ತಿರದಲ್ಲಿ ಶತ್ರು ಇದ್ದರೆ ಮಾತ್ರ ಕಾಯಲು ಬಿಡುವುದಿಲ್ಲ.

ನೀಲಿ ಬಾಟಲಿಗಳಲ್ಲಿ ಯಾವುದು ಎಷ್ಟು ಕೊಡುತ್ತೆ?

ಕೆಂಪು ಬಾಟಲಿ ಜೀವಕ್ಕೆ, ಹಸಿರು ಸ್ಟ್ಯಾಮಿನಾಗೆ, ನೀಲಿ ಮ್ಯಾಜಿಕಾಗೆ. ನೀಲಿಯಲ್ಲಿ ಮೈನರ್ ಅಂತ ಇದ್ದರೆ 25, ಬರೀ ಮ್ಯಾಜಿಕಾ ಅಂತ ಇದ್ದರೆ 50, ಪ್ಲೆಂಟಿಫುಲ್ 75, ವಿಗರಸ್ 100, ಎಕ್ಸ್‌ಟ್ರೀಮ್ 150. ಅಲ್ಟಿಮೇಟ್ ಕುಡಿದರೆ ಪಟ್ಟಿ ಪೂರ್ತಿ ತುಂಬುತ್ತದೆ. ಎಲ್ಲವೂ ಕುಡಿದ ಕ್ಷಣದಲ್ಲೇ ಕೆಲಸ ಮಾಡುತ್ತವೆ. ಒಂದೊಂದರ ತೂಕ 0.5, ಹಾಗಾಗಿ ಇಪ್ಪತ್ತು ಬಾಟಲಿ ಹೊತ್ತರೂ ಭಾರ ಹತ್ತೇ.

ಎಲ್ಲಿ ಸಿಗುತ್ತೆ?

ಸತ್ತ ಮಾಂತ್ರಿಕರ ಜೇಬಿನಲ್ಲಿ, ಗುಹೆಗಳ ಪೆಟ್ಟಿಗೆಯಲ್ಲಿ, ಕಪಾಟಿನ ಮೇಲೆ. ಆದರೆ ಅಲ್ಲಿ ಸಿಗುವುದು ಅದೃಷ್ಟದ ಮೇಲೆ. ಬೇಕೇ ಬೇಕು ಅಂದಾಗ ಊರಿನ ಪೋಷನ್ ಅಂಗಡಿಗೆ ಹೋಗಿ. ವೈಟ್‌ರನ್‌ನಲ್ಲಿ ಆರ್ಕೇಡಿಯಾಸ್ ಕಾಲ್ಡ್ರನ್, ರಿಫ್ಟನ್‌ನಲ್ಲಿ ಎಲ್ಗ್ರಿಮ್ಸ್ ಎಲಿಕ್ಸಿರ್ಸ್, ವಿಂಡ್‌ಹೆಲ್ಮ್‌ನಲ್ಲಿ ವೈಟ್ ಫಯಲ್, ಸಾಲಿಟ್ಯೂಡ್‌ನಲ್ಲಿ ಆಂಜಲೀನ್ಸ್ ಆರೋಮ್ಯಾಟಿಕ್ಸ್, ಮಾರ್ಕಾರ್ತ್‌ನಲ್ಲಿ ಹ್ಯಾಗ್ಸ್ ಕ್ಯೂರ್. ಸಣ್ಣ ಊರುಗಳೂ ಬರಿಗೈಯಲ್ಲಿ ಕಳಿಸುವುದಿಲ್ಲ. ಡಾನ್‌ಸ್ಟಾರ್, ಫಾಕ್‌ರೀತ್, ಮಾರ್ಥಲ್ ಮೂರರಲ್ಲೂ ಒಂದೊಂದು ಅಂಗಡಿ ಇದೆ.

ಇವತ್ತು ಅಂಗಡಿಯಲ್ಲಿ ಇಲ್ಲ ಅಂದರೆ ನಿರಾಶೆ ಬೇಡ. ಆಟದೊಳಗಿನ 48 ಗಂಟೆಗೆ ಒಮ್ಮೆ ಅಂಗಡಿಯವರ ಸರಕು ಬದಲಾಗುತ್ತದೆ. ಎರಡು ದಿನ ಎಲ್ಲಾದರೂ ಮಲಗಿ ಎದ್ದು ಬನ್ನಿ.

ದುಡ್ಡಿಲ್ಲ. ನಾನೇ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಲೇಬೇಕು. ನನ್ನ ಪ್ರಕಾರ ಮಂತ್ರವಾದಿಯಾಗಿ ಆಡುವವರು ಆಲ್ಕೆಮಿ (ಪೋಷನ್ ಮಾಡುವ ವಿದ್ಯೆ) ಬಿಟ್ಟರೆ ಅರ್ಧ ಆಟ ಬಿಟ್ಟ ಹಾಗೆ. ಅಂಗಡಿಯ ಬಾಟಲಿ ತುಟ್ಟಿ, ಗಿಡ ಪುಕ್ಕಟೆ. ಒಂದೇ ಗುಣ ಇರುವ ಎರಡು ಸಾಮಾನು ಸೇರಿಸಿದರೆ ಆ ಗುಣದ ಪೋಷನ್ ಬರುತ್ತದೆ, ಇಷ್ಟೇ ನಿಯಮ. ಒಲೆ ಹುಡುಕಿಕೊಂಡು ಅಲೆಯಬೇಕಿಲ್ಲ. ಆರ್ಕೇಡಿಯಾಳ ಅಂಗಡಿಯೊಳಗೇ ಆಲ್ಕೆಮಿ ಲ್ಯಾಬ್ ಇದೆ. ವೈಟ್‌ರನ್‌ನ ಅರಮನೆ ಡ್ರ್ಯಾಗನ್ಸ್‌ರೀಚ್‌ನಲ್ಲಿ ಮಾಂತ್ರಿಕ ಫಾರೆಂಗರ್‌ನ ಕೋಣೆಯಲ್ಲೂ ಇದೆ. ಇಬ್ಬರೂ ಬೇಡ ಅನ್ನುವುದಿಲ್ಲ.

ಮ್ಯಾಜಿಕಾ ವಾಪಸ್ ಕೊಡುವ ಸಾಮಾನುಗಳಲ್ಲಿ ಮೊದಲು ಕಲಿಯಬೇಕಾದವು ನಾಲ್ಕು: ರೆಡ್ ಮೌಂಟನ್ ಫ್ಲವರ್, ಕ್ರೀಪ್ ಕ್ಲಸ್ಟರ್, ಮೋರಾ ಟ್ಯಾಪಿನೆಲ್ಲಾ, ಎಲ್ವ್ಸ್ ಇಯರ್. ಈ ನಾಲ್ಕಕ್ಕೂ ಮೊದಲ ಗುಣವೇ ಮ್ಯಾಜಿಕಾ ವಾಪಸ್ ಕೊಡುವುದು. ಒಂದನ್ನು ಹಸಿಯಾಗಿ ಬಾಯಿಗೆ ಹಾಕಿಕೊಂಡರೆ ಸಾಕು, ಆ ಗುಣ ಗೊತ್ತಾಗಿಬಿಡುತ್ತದೆ. ಇವುಗಳಲ್ಲಿ ಯಾವ ಎರಡನ್ನು ಸೇರಿಸಿದರೂ ಕೆಟ್ಟ ಗುಣ ಬರುವುದಿಲ್ಲ. ಕಣ್ಣು ಮುಚ್ಚಿ ಮಾಡಬಹುದು.

ಮೂರನೆಯದನ್ನೂ ಸೇರಿಸಿದರೆ ಜಾಸ್ತಿ ಬರುತ್ತಾ ಅಂತ ಕೇಳುತ್ತಾರೆ. ಬರುವುದಿಲ್ಲ. ಅದೇ ಗುಣದ ಸಾಮಾನು ಎರಡಿದ್ದರೆ ಸಾಕು, ಮೂರನೆಯದು ದಂಡ. ಶಕ್ತಿ ಜಾಸ್ತಿ ಬೇಕಾದರೆ ಆಲ್ಕೆಮಿ ಕೌಶಲ ಏರಬೇಕು, ಆಲ್ಕೆಮಿಸ್ಟ್ ಪರ್ಕ್ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಶಕ್ತಿ) ಹಾಕಿಕೊಳ್ಳಬೇಕು. ಆಲ್ಕೆಮಿ 20ಕ್ಕೆ ಮುಟ್ಟಿದಾಗ ಸಿಗುವ ಫಿಸಿಶಿಯನ್ ಪರ್ಕ್ ಇಂಥ ಪೋಷನ್‌ಗಳನ್ನು ಇನ್ನೂ 25% ಗಟ್ಟಿ ಮಾಡುತ್ತದೆ.

ನಾನು ಮಾಡಿದ ಪೋಷನ್ ಕುಡಿದರೆ ಮ್ಯಾಜಿಕಾ ಕಮ್ಮಿ ಆಗುತ್ತೆ! ಏನಿದು?

ವೈಟ್ ಕ್ಯಾಪ್ ಅಣಬೆ ಹಾಕಿದ್ರಾ? ಹಾಕಿರುತ್ತೀರಿ.

ನನ್ನ ಅಳಿಯನಿಗೂ ಇದೇ ಆಗಿತ್ತು. ಲ್ಯಾಬ್ ಮುಂದೆ ನಿಂತು ರೆಡ್ ಮೌಂಟನ್ ಫ್ಲವರ್ ಹದಿನೈದು, ವೈಟ್ ಕ್ಯಾಪ್ ಹದಿನೈದು, ಟಕಟಕ ಅಂತ ಎಲ್ಲಾ ಬೇಯಿಸಿಬಿಟ್ಟ. ವಿಡಿಯೋ ಕಾಲ್‌ನಲ್ಲಿ ಪರದೆ ತೋರಿಸು ಅಂದೆ. ಬಾಟಲಿಯ ಕೆಳಗೆ ಎರಡು ಸಾಲು. ಮೊದಲ ಸಾಲು ರೆಸ್ಟೋರ್ ಮ್ಯಾಜಿಕಾ. ಎರಡನೆಯದು ರ‍್ಯಾವೇಜ್ ಮ್ಯಾಜಿಕಾ, ಅಂದರೆ ಸ್ವಲ್ಪ ಹೊತ್ತು ನಿಮ್ಮ ಪಾತ್ರೆಯ ಅಳತೆಯನ್ನೇ ಸಣ್ಣದು ಮಾಡುವ ಗುಣ. ಈ ಹೂವಿನಲ್ಲೂ ಅಣಬೆಯಲ್ಲೂ ಎರಡೂ ಗುಣ ಇವೆ. ಹಾಗಾಗಿ ಎರಡೂ ಬಾಟಲಿಗೆ ಇಳಿದವು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಹದಿನೈದು ಬಾಟಲಿಯನ್ನೂ ಆರ್ಕೇಡಿಯಾಳಿಗೇ ಮಾರಿ ಬಂದ. ಅವಳು ಏನೂ ಕೇಳದೆ ದುಡ್ಡು ಕೊಟ್ಟಳು, ಪಾಪ.

ಗ್ರಾಸ್ ಪಾಡ್ ಎಂಬ ಇನ್ನೊಂದು ಸಾಮಾನಿನ ಕಥೆಯೂ ಇದೇ. ಹೂವು, ವೈಟ್ ಕ್ಯಾಪ್, ಗ್ರಾಸ್ ಪಾಡ್ ಈ ಮೂರರಲ್ಲಿ ಯಾವ ಎರಡು ಸೇರಿದರೂ ಎಡವಟ್ಟು. ವೈಟ್ ಕ್ಯಾಪ್ ಜಾಸ್ತಿ ಇದ್ದರೆ ಕ್ರೀಪ್ ಕ್ಲಸ್ಟರ್ ಅಥವಾ ಮೋರಾ ಟ್ಯಾಪಿನೆಲ್ಲಾ ಜೊತೆ ಹಾಕಿ. ಎಲ್ವ್ಸ್ ಇಯರ್ ಜೊತೆ ಬೇಡ, ಚಳಿ ತಡೆಯುವ ಶಕ್ತಿ ಕಮ್ಮಿ ಆಗುವ ಗುಣ ಅಂಟಿಕೊಳ್ಳುತ್ತದೆ. ಎಕ್ಟೋಪ್ಲಾಸಂ ಮತ್ತು ರೆಡ್ ಮೌಂಟನ್ ಫ್ಲವರ್ ಸೇರಿಸಿದರೆ ಮ್ಯಾಜಿಕಾ ಬರುತ್ತದೆ, ಜೊತೆಗೆ ಜೀವಕ್ಕೂ ಪೆಟ್ಟು. ಆಲ್ಕೆಮಿ 100ಕ್ಕೆ ಮುಟ್ಟಿದ ಮೇಲೆ ಪ್ಯೂರಿಟಿ ಅನ್ನುವ ಪರ್ಕ್ ಸಿಗುತ್ತದೆ. ಅದು ಪೋಷನ್‌ನಿಂದ ಕೆಟ್ಟ ಗುಣವನ್ನೆಲ್ಲ ಸೋಸಿ ತೆಗೆಯುತ್ತದೆ. ಅಲ್ಲಿಯವರೆಗೆ ಬೇಯಿಸುವ ಮುಂಚೆ ಆ ಎರಡನೇ ಸಾಲು ಓದಿ.

ಈ ಗಿಡಗಳು ಎಲ್ಲಿ ಬೆಳೆಯುತ್ತವೆ?

ರೆಡ್ ಮೌಂಟನ್ ಫ್ಲವರ್ ದಾರಿ ಪಕ್ಕದಲ್ಲೇ ಸಿಗುತ್ತದೆ, ಹುಡುಕುವುದೇ ಬೇಡ. ಕ್ರೀಪ್ ಕ್ಲಸ್ಟರ್‌ಗೆ ವಿಂಡ್‌ಹೆಲ್ಮ್‌ನ ದಕ್ಷಿಣಕ್ಕೆ ಹೋಗಿ. ಅಲ್ಲಿ ಬಿಸಿನೀರಿನ ಬುಗ್ಗೆಗಳ ಬಯಲಿದೆ, ಹಬೆ ಏಳುತ್ತಿರುತ್ತದೆ. ನೆಲಕ್ಕೆ ಅಂಟಿಕೊಂಡು ಹಬ್ಬಿದ ಬಳ್ಳಿಯೇ ಕ್ರೀಪ್ ಕ್ಲಸ್ಟರ್. ಅದೇ ಬಯಲಲ್ಲಿ ಜಾಜ್‌ಬೇ ದ್ರಾಕ್ಷಿಯೂ ಇದೆ, ಅದನ್ನೂ ಕಿತ್ತುಕೊಳ್ಳಿ, ಮುಂದೆ ಹೇಳುತ್ತೇನೆ. ನನಗೆ ಇಡೀ ಆಟದಲ್ಲಿ ಜಾಸ್ತಿ ಇಷ್ಟವಾದ ಜಾಗ ಇದು. ದೈತ್ಯರು ಓಡಾಡುತ್ತಾರೆ ಅನ್ನೋದೊಂದೇ ತಕರಾರು. ಅವರ ತಂಟೆಗೆ ಹೋಗಬೇಡಿ, ದೂರದಿಂದಲೇ ಸುತ್ತಿ ಹೋಗಿ.

ಮೋರಾ ಟ್ಯಾಪಿನೆಲ್ಲಾ ಕಾಡಿನಲ್ಲಿ ಬಿದ್ದ ಮರದ ಕಾಂಡದ ಮೇಲೆ ಬೆಳೆಯುತ್ತದೆ. ನಡೆಯುವಾಗ ಉರುಳಿದ ಮರ ಕಂಡರೆ ಒಮ್ಮೆ ತಿರುಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಲ್ವ್ಸ್ ಇಯರ್ ಹೊಲದಲ್ಲಿ ಅಲ್ಲ, ಮನೆಯೊಳಗೆ ಸಿಗುತ್ತದೆ. ಒಣಗಿಸಿ ಗೊಂಚಲು ಕಟ್ಟಿ ಮಾಡಿಗೆ ನೇತುಹಾಕಿರುತ್ತಾರೆ. ಎಕ್ಟೋಪ್ಲಾಸಂ ದೆವ್ವಗಳಿಂದ, ವ್ಯಾಂಪೈರ್ ಡಸ್ಟ್ ವ್ಯಾಂಪೈರ್‌ಗಳಿಂದ, ಮೂನ್ ಶುಗರ್ ಊರಬಾಗಿಲ ಹೊರಗೆ ಡೇರೆ ಹಾಕುವ ಖಜೀತ್ ವ್ಯಾಪಾರಿಗಳಿಂದ. ಫೈರ್ ಸಾಲ್ಟ್‌ನಲ್ಲೂ ಮ್ಯಾಜಿಕಾ ಇದೆ, ಆದರೆ ಮೊದಲ ಹತ್ತನ್ನು ಬೇಯಿಸಬೇಡಿ. ರಿಫ್ಟನ್‌ನ ಕಮ್ಮಾರ ಬಾಲಿಮುಂಡ್‌ಗೆ ತನ್ನ ಕುಲುಮೆಗೆ ಹತ್ತು ಬೇಕು.

ಬ್ರೈಯರ್ ಹಾರ್ಟ್ ಬಗ್ಗೆ ಒಂದು ಮಾತು. ಮಾರ್ಕಾರ್ತ್ ಸುತ್ತಿನ ರೀಚ್ ನಾಡಿನಲ್ಲಿ ಫೋರ್ಸ್‌ವಾರ್ನ್ ಎಂಬ ಜನ ಇದ್ದಾರೆ. ಅವರಲ್ಲಿ ಕೆಲವರ ಎದೆ ಸೀಳಿ ಹೃದಯದ ಬದಲು ಇದನ್ನು ಇಟ್ಟಿರುತ್ತಾರೆ. ಹಿಂದಿನಿಂದ ಮೆಲ್ಲಗೆ ಹೋಗಿ ಜೇಬು ಕತ್ತರಿಸುವ ಹಾಗೆ ಅದನ್ನೇ ಎಗರಿಸಿದರೆ ಆಳು ಅಲ್ಲೇ ಸತ್ತು ಬೀಳುತ್ತಾನೆ. ನನ್ನ ಮೊದಲ ಸಲ ನಾನೇ ಬೆಚ್ಚಿಬಿದ್ದಿದ್ದೆ. ಇದನ್ನು ರೆಡ್ ಮೌಂಟನ್ ಫ್ಲವರ್ ಜೊತೆ ಸೇರಿಸಿದರೆ ಮ್ಯಾಜಿಕಾ ವಾಪಸ್ಸೂ ಬರುತ್ತದೆ, ಒಟ್ಟು ಅಳತೆಯೂ ಸ್ವಲ್ಪ ಹೊತ್ತು ಹಿಗ್ಗುತ್ತದೆ. ಕೆಟ್ಟ ಗುಣ ಯಾವುದೂ ಇಲ್ಲ.

ಹಾರ್ತ್‌ಫೈರ್ (ಮನೆ ಕಟ್ಟಲು ಬಿಡುವ, ಆಟದ ಹೆಚ್ಚುವರಿ ಭಾಗ) ಇದ್ದು ಸ್ವಂತ ಮನೆ ಕಟ್ಟಿಕೊಂಡಿದ್ದರೆ ಅಲೆದಾಟವೇ ತಪ್ಪುತ್ತದೆ. ಹಿತ್ತಲಲ್ಲಿ ಕ್ರೀಪ್ ಕ್ಲಸ್ಟರ್, ಮೋರಾ ಟ್ಯಾಪಿನೆಲ್ಲಾ ನೆಟ್ಟುಬಿಡಿ. ಗ್ರೀನ್ ಥಂಬ್ ಪರ್ಕ್ ಇದ್ದರೆ ಗಿಡಕ್ಕೆ ಎರಡೆರಡು.

ರೆಸ್ಟೋರ್, ರೀಜನರೇಟ್, ಫಾರ್ಟಿಫೈ: ಮೂರೂ ಒಂದೇನಾ?

ಅಲ್ಲ. ರೆಸ್ಟೋರ್ ಅಂದರೆ ಕೊಡದಿಂದ ಒಮ್ಮೆಗೇ ನೀರು ಸುರಿದ ಹಾಗೆ. ರೀಜನರೇಟ್ ಅಂದರೆ ನಲ್ಲಿಯನ್ನು ಇನ್ನಷ್ಟು ತಿರುಗಿಸಿದ ಹಾಗೆ. ಫಾರ್ಟಿಫೈ ಅಂದರೆ ತೊಟ್ಟಿಯೇ ದೊಡ್ಡದಾದ ಹಾಗೆ. ಸಾಯುವ ಹೊತ್ತಿಗೆ ಬೇಕಾದ್ದು ಮೊದಲನೆಯದು. ದೊಡ್ಡ ಜಗಳಕ್ಕೆ ಇಳಿಯುವ ಮುಂಚೆ ಕುಡಿಯಬೇಕಾದ್ದು ಉಳಿದೆರಡು.

ರೀಜನರೇಟ್ ಪೋಷನ್‌ಗೆ ಅಡುಗೆಮನೆ ಸಾಕು: ಬೆಳ್ಳುಳ್ಳಿ ಮತ್ತು ಉಪ್ಪು. ನಿಜವಾಗಿಯೂ ಅಷ್ಟೇ. ಎರಡೂ ಪ್ರತಿ ಮನೆಯಲ್ಲಿ, ಪ್ರತಿ ಪೀಪಾಯಿಯಲ್ಲಿ ಬಿದ್ದಿರುತ್ತವೆ. ಒಂದು ಬಾಟಲಿ ಐದು ನಿಮಿಷ ಕೆಲಸ ಮಾಡುತ್ತದೆ. ಉಪ್ಪು ಮುಗಿದಿದ್ದರೆ ಬೆಳ್ಳುಳ್ಳಿಗೆ ಆ ಜಾಜ್‌ಬೇ ದ್ರಾಕ್ಷಿ ಹಾಕಿ. ಆದರೆ ದ್ರಾಕ್ಷಿಗೆ ಉಪ್ಪು ಹಾಕಬೇಡಿ, ಮಂತ್ರದ ಪೆಟ್ಟು ಜಾಸ್ತಿ ತಗಲುವ ಗುಣ ಎರಡರಲ್ಲೂ ಇದೆ. ಮೂನ್ ಶುಗರ್ ಮತ್ತು ಫೈರ್ ಸಾಲ್ಟ್ ಸೇರಿಸಿದರೆ ರೆಸ್ಟೋರ್, ರೀಜನರೇಟ್ ಎರಡೂ ಒಂದೇ ಬಾಟಲಿಯಲ್ಲಿ.

ಊಟದಿಂದ ಮ್ಯಾಜಿಕಾ ಬರಲ್ವಾ?

ಒಂದೇ ಅಡುಗೆ ನೆನಪಿಡಿ: ಎಲ್ಸ್‌ವೇರ್ ಫಾಂಡ್ಯೂ. ಐಡಾರ್ ಚೀಸ್ ಇಡೀ ಚಕ್ರ, ಏಲ್ (ಒಂದು ಬಗೆಯ ಬಿಯರ್) ಒಂದು, ಮೂನ್ ಶುಗರ್ ಒಂದು. ಇದನ್ನು ಆಲ್ಕೆಮಿ ಲ್ಯಾಬ್‌ನಲ್ಲಲ್ಲ, ಅಡುಗೆ ಪಾತ್ರೆಯಲ್ಲಿ ಬೇಯಿಸಬೇಕು. 720 ಸೆಕೆಂಡು, ಅಂದರೆ ಹನ್ನೆರಡು ನಿಮಿಷ, ಒಟ್ಟು ಮ್ಯಾಜಿಕಾ 100 ಏರುತ್ತದೆ, ತುಂಬುವ ವೇಗವೂ 25% ಜಾಸ್ತಿ. ಆಟದ ಶುರುವಿನಲ್ಲಿ ಇದು ನಿಮ್ಮ ಮ್ಯಾಜಿಕಾವನ್ನು ಇಮ್ಮಡಿ ಮಾಡಿದ ಲೆಕ್ಕ. ಆಡುವವರಲ್ಲಿ ಹೆಚ್ಚಿನವರು ಇದನ್ನು ಒಮ್ಮೆಯೂ ಮಾಡಿ ನೋಡುವುದಿಲ್ಲ, ಯಾಕೋ.

ಬಾಟಲಿ ಯಾವಾಗ ಕುಡಿಯಬೇಕು? ಮುಂದೆ ಬೇಕಾಗಬಹುದು ಅಂತ ಇಟ್ಟುಕೊಂಡಿದ್ದೇನೆ.

ಈ ಕಾಯಿಲೆ ನನಗೂ ಇತ್ತು. ಮೊದಲ ಸಲ ಮುಖ್ಯ ಕಥೆ ಮುಗಿಸಿದಾಗ ಮನೆಯ ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ನೀಲಿ ಬಾಟಲಿ ಉಳಿದಿದ್ದವು. ಅಷ್ಟರಲ್ಲಿ ಎಷ್ಟು ಸಲ ಸತ್ತಿದ್ದೆನೋ ಲೆಕ್ಕ ಇಟ್ಟಿಲ್ಲ. ಉಪ್ಪಿನಕಾಯಿ ಭರಣಿಯ ಹಾಗೆ ಕಾಯ್ದಿಟ್ಟು ಏನು ಮಾಡೋದು? ಗಿಡ ಮತ್ತೆ ಬೆಳೆಯುತ್ತದೆ, ಅಂಗಡಿ ಮತ್ತೆ ತುಂಬುತ್ತದೆ. ಮುಂದಿನ ಮಂತ್ರಕ್ಕೆ ಸಾಲದು ಅನ್ನಿಸಿದಾಗಲೇ ಕುಡಿಯಿರಿ.

ಇನ್ವೆಂಟರಿ (ನಿಮ್ಮ ಸಾಮಾನಿನ ಪಟ್ಟಿ) ತೆರೆದ ಕ್ಷಣ ಆಟ ನಿಲ್ಲುತ್ತದೆ. ಡ್ರ್ಯಾಗನ್ ಬಾಯಿ ತೆರೆದು ನಿಂತಿದ್ದರೂ ನೀವು ನಿಧಾನವಾಗಿ ಆರಿಸಿ ಮೂರು ಬಾಟಲಿ ಕುಡಿಯಬಹುದು. ಇದು ಮೋಸ ಅನ್ನಿಸಿದರೆ ಫೇವರಿಟ್ಸ್ ಪಟ್ಟಿಗೆ ಹಾಕಿಕೊಳ್ಳಿ, ಹುಡುಕಾಟವಾದರೂ ತಪ್ಪುತ್ತದೆ. ಸಣ್ಣದನ್ನು ಮೊದಲು ಖರ್ಚು ಮಾಡಿ. ಮೂವತ್ತು ಕೊರತೆ ಇದ್ದಾಗ ಎಕ್ಸ್‌ಟ್ರೀಮ್ ಕುಡಿದರೆ ಉಳಿದ 120 ಮೋರಿಗೆ ಸುರಿದ ಹಾಗೆ.

ಕೂಡಿಟ್ಟದ್ದು ನಿಜವಾಗಿ ಕೆಲಸಕ್ಕೆ ಬರುವ ಜಾಗ ಒಂದಿದೆ: ಲ್ಯಾಬಿರಿಂತಿಯನ್. ವಿಂಟರ್‌ಹೋಲ್ಡ್ ಊರಿನ ಮಾಂತ್ರಿಕರ ಕಾಲೇಜಿನ ಕಥೆಯಲ್ಲಿ ಬರುವ ಹಳೆಯ ಪಾಳು ಊರು ಇದು. ಕಥೆ ಬಿಟ್ಟುಕೊಡುವುದು ಬೇಡ ಅನ್ನುವವರು ಮುಂದಿನ ಪ್ರಶ್ನೆಗೆ ಹಾರಿ. ಒಳಗೆ ಇಳಿಯುತ್ತಾ ಹೋದಂತೆ ಯಾರೋ ಡ್ರ್ಯಾಗನ್ ಭಾಷೆಯಲ್ಲಿ ಮಾತಾಡುತ್ತಾರೆ. ಆಳು ಕಾಣುವುದಿಲ್ಲ, ದನಿ ಮಾತ್ರ. ಆ ದನಿ ಕೇಳಿದಾಗಲೆಲ್ಲ ನಿಮ್ಮ ಮ್ಯಾಜಿಕಾ ಸೋರಿ ಹೋಗುತ್ತದೆ. ಮೊದಲ ಸಲ ನಾನು ಕೀಬೋರ್ಡೇ ಕೆಟ್ಟಿತು ಅಂದುಕೊಂಡಿದ್ದೆ. ಬಟನ್ ಒತ್ತಿದರೆ ಕೈಯಿಂದ ಬೆಂಕಿಯೇ ಬರುತ್ತಿಲ್ಲ, ಕೆಳಗಿನ ಎಡ ಮೂಲೆಯಲ್ಲಿ ನೀಲಿ ಪಟ್ಟಿ ಬೋಳು. ಅಲ್ಲಿಗೆ ಹೋಗುವ ಮುಂಚೆ ಹತ್ತು ಹದಿನೈದು ಬಾಟಲಿ ಜೇಬಿನಲ್ಲಿರಲಿ.

ಬಾಟಲಿ ಕುಡಿಯುತ್ತಲೇ ಇರಬೇಕಾ? ಹಾಕಿಕೊಳ್ಳುವ ವಸ್ತು ಏನಾದರೂ?

ನಿಲುವಂಗಿ ಹಾಕಿ. ತುಂಬುವ ವೇಗವನ್ನು ನೋವಿಸ್ ರೋಬ್ಸ್ 50% ಏರಿಸುತ್ತದೆ, ಮಾಸ್ಟರ್ ರೋಬ್ಸ್ 150%. ಕಾಲೇಜಿನ ಮೇಷ್ಟ್ರುಗಳೇ ಮಾರುತ್ತಾರೆ. ಕಾಲೇಜಿನ ಕಥೆ ಮುಗಿಸಿದರೆ ಆರ್ಚ್‌ಮೇಜ್ ನಿಲುವಂಗಿ ಸಿಗುತ್ತದೆ: 50 ಮ್ಯಾಜಿಕಾ ಜಾಸ್ತಿ, ವೇಗ ಇಮ್ಮಡಿ, ಎಲ್ಲ ಮಂತ್ರದ ಖರ್ಚೂ 15% ಕಮ್ಮಿ. ಲ್ಯಾಬಿರಿಂತಿಯನ್‌ನಲ್ಲಿ ಸಿಗುವ ಮೊರೊಕೀ ಮುಖವಾಡವೂ ವೇಗವನ್ನು ಇಮ್ಮಡಿ ಮಾಡುತ್ತದೆ. ರೆಸ್ಟೋರೇಷನ್ (ಗುಣಪಡಿಸುವ ಮಂತ್ರಗಳು) ವಿದ್ಯೆಯ ಪರ್ಕ್ ಮರದಲ್ಲಿರುವ ರಿಕವರಿ ಪರ್ಕ್ ಮರೆಯಬೇಡಿ, ಎರಡು ಹಂತಕ್ಕೆ 50%.

ಮುಟ್ಟಿದರೆ ವರ ಕೊಡುವ ಕಲ್ಲುಗಳು ಆಟದಲ್ಲಿ ಅಲ್ಲಲ್ಲಿ ಇವೆ, ಅವುಗಳ ವಿಷಯದಲ್ಲಿ ಹುಷಾರು. ಅಪ್ರೆಂಟಿಸ್ ಸ್ಟೋನ್ ವೇಗವನ್ನು ಇಮ್ಮಡಿ ಮಾಡುತ್ತದೆ, ಆದರೆ ಬೇರೆಯವರ ಮಂತ್ರದ ಪೆಟ್ಟೂ ಇಮ್ಮಡಿ. ಅಟ್ರೊನಾಕ್ ಸ್ಟೋನ್ 50 ಮ್ಯಾಜಿಕಾ ಕೊಡುತ್ತದೆ, ನಿಮ್ಮ ಮೇಲೆ ಬಿದ್ದ ಮಂತ್ರವನ್ನು ಪೂರ್ತಿ ನುಂಗಿಬಿಡುವ ಸಾಧ್ಯತೆ 50%, ಆದರೆ ತಾನಾಗೇ ತುಂಬುವ ವೇಗ ಅರ್ಧಕ್ಕೆ ಇಳಿಯುತ್ತದೆ. ಪೋಷನ್ ಸ್ವಂತವಾಗಿ ಮಾಡಿಕೊಳ್ಳುವವರಿಗೆ ನನ್ನ ಓಟು ಅಟ್ರೊನಾಕ್‌ಗೆ. ಅದೂ ಕ್ರೀಪ್ ಕ್ಲಸ್ಟರ್ ಸಿಗುವ ಬಿಸಿನೀರಿನ ಬಯಲಲ್ಲೇ ಇದೆ.

ಎರಡು ಕೈಯಲ್ಲೂ ಒಂದೇ ಮಂತ್ರ ಹಾಕಿದರೆ ಇಮ್ಮಡಿ ಪೆಟ್ಟು ಅಲ್ವಾ?

ಡ್ಯುಯಲ್ ಕಾಸ್ಟ್ ಪರ್ಕ್ ಹಾಕಿದ ಮೇಲೆ ಪೆಟ್ಟು 2.2 ಪಟ್ಟು, ಖರ್ಚು 2.8 ಪಟ್ಟು. ಲೆಕ್ಕ ನೀವೇ ನೋಡಿ, ನಷ್ಟದ ವ್ಯಾಪಾರ. ಇಂಪ್ಯಾಕ್ಟ್ ಪರ್ಕ್ ಇದ್ದರೆ ಶತ್ರು ತತ್ತರಿಸಿ ನಿಲ್ಲುತ್ತಾನೆ, ಆಗ ಸರಿ. ಇಲ್ಲದಿದ್ದರೆ ಒಂದೊಂದು ಕೈಯಲ್ಲೇ ಹೊಡೆಯಿರಿ.

ನಾನು ಮಂತ್ರ ಹಾಕದಿದ್ದರೂ ಮ್ಯಾಜಿಕಾ ಇಳಿಯುತ್ತಿದೆ.

ಎದುರಿನವನು ಮಿಂಚು ಹೊಡೆಯುತ್ತಿದ್ದಾನೆ. ಮಿಂಚಿನ ಮಂತ್ರ ಜೀವಕ್ಕೆ ಎಷ್ಟು ಪೆಟ್ಟು ಕೊಡುತ್ತದೋ ಅದರ ಅರ್ಧದಷ್ಟು ಮ್ಯಾಜಿಕಾವನ್ನೂ ಸುಡುತ್ತದೆ. ಮಿಂಚಿನವನು ಗುಂಪಿನಲ್ಲಿದ್ದರೆ ಮೊದಲು ಅವನನ್ನೇ ಮುಗಿಸಿ. ಇನ್ನು, ಇಳಿಯುವುದಲ್ಲ, ಹಗಲಲ್ಲಿ ಏರುವುದೇ ಇಲ್ಲ ಅನ್ನುತ್ತೀರಾದರೆ ನೀವು ವ್ಯಾಂಪೈರ್ ಆಗಿದ್ದೀರಿ. ಬಿಸಿಲಿಗೆ ಬರಬೇಡಿ.

ಈಕ್ವಿಲಿಬ್ರಿಯಂ ಮಂತ್ರ ಇದ್ದರೆ ಪೋಷನ್ನೇ ಬೇಡ ಅಂತಾರೆ, ಹೌದಾ?

ಅರ್ಧ ಹೌದು. ಅದು ಸೆಕೆಂಡಿಗೆ 25 ಜೀವವನ್ನು ಮ್ಯಾಜಿಕಾ ಮಾಡುತ್ತದೆ. ಲ್ಯಾಬಿರಿಂತಿಯನ್‌ನಲ್ಲೇ ಪುಸ್ತಕ ಇದೆ. ಜಗಳ ಇಲ್ಲದಾಗ ಇದನ್ನು ಹಾಕಿ, ಆಮೇಲೆ ಹೀಲಿಂಗ್ ಹಾಕಿ ಜೀವ ವಾಪಸ್ ಪಡೆದರೆ ಚೆನ್ನಾಗಿ ನಡೆಯುತ್ತದೆ. ಜಗಳದ ನಡುವೆ ಬಟನ್ ಬಿಡಲು ಮರೆತರೆ ನಿಮ್ಮ ಮಂತ್ರಕ್ಕೆ ನೀವೇ ಸಾಯುತ್ತೀರಿ. ನಾನು ಹಾಗೆ ಸತ್ತಿದ್ದೇನೆ, ಅದೂ ಒಂದು ಮಡ್‌ಕ್ರಾಬ್ ಏಡಿಯ ಮುಂದೆ.

ಮಂತ್ರ ಪೂರ್ತಿ ಪುಕ್ಕಟೆ ಮಾಡಬಹುದಂತೆ?

ಮಾಡಬಹುದು. ಎನ್‌ಚಾಂಟಿಂಗ್ (ವಸ್ತುಗಳಿಗೆ ಮಂತ್ರಶಕ್ತಿ ತುಂಬುವ ವಿದ್ಯೆ) 100 ಮಾಡಿ, ಪರ್ಕ್ ಎಲ್ಲ ಹಾಕಿಕೊಂಡು, ಗ್ರ್ಯಾಂಡ್ ಸೋಲ್ (ಸೋಲ್ ಜೆಮ್ ಎಂಬ ಕಲ್ಲಿನಲ್ಲಿ ಹಿಡಿದಿಟ್ಟ ದೊಡ್ಡ ಆತ್ಮ) ಬಳಸಿದರೆ ಒಂದು ವಸ್ತುವಿನಿಂದ ಒಂದು ಶಾಲೆಯ (ಮಂತ್ರಗಳ ಒಂದು ಬಗೆಯ) ಮಂತ್ರದ ಖರ್ಚು 25% ಇಳಿಯುತ್ತದೆ. ತಲೆ, ಮೈ, ಉಂಗುರ, ಸರ ನಾಲ್ಕಕ್ಕೂ ಹಾಕಿದರೆ ನೂರಕ್ಕೆ ನೂರು. ಎಕ್ಸ್‌ಟ್ರಾ ಎಫೆಕ್ಟ್ ಪರ್ಕ್ ಇದ್ದರೆ ಎರಡು ಶಾಲೆ ಪುಕ್ಕಟೆ. ಅಳಿಯನಿಗೆ ಇದನ್ನು ನಾನಿನ್ನೂ ಹೇಳಿಲ್ಲ. ಹೇಳಿದರೆ ಆ ಬಿಸಿನೀರಿನ ಬಯಲಿಗೆ ಮತ್ತೆ ಯಾಕೆ ಹೋಗುತ್ತಾನೆ?

ಕೊನೆಗೆ, ಬಾಟಲಿಯೂ ಇಲ್ಲ, ಮ್ಯಾಜಿಕಾವೂ ಇಲ್ಲ. ಈಗ?

ಸ್ಕ್ರೋಲ್ ಓದಿ, ಮಂತ್ರದಂಡ ಬೀಸಿ, ಶೌಟ್ (ಡ್ರ್ಯಾಗನ್ ಭಾಷೆಯ ಶಕ್ತಿಯ ಕೂಗು) ಕೂಗಿ. ಮೂರಕ್ಕೂ ಮ್ಯಾಜಿಕಾ ಬೇಡ. ದಂಡಕ್ಕೆ ಮಾತ್ರ ಆಮೇಲೆ ಸೋಲ್ ಜೆಮ್ ತುಂಬಬೇಕು. ಇವೂ ಇಲ್ಲದಿದ್ದರೆ, ತೋಳದ ವಿಷಯಕ್ಕೆ ಅಳಿಯನಿಗೆ ಹೇಳಿದ್ದೇ ನಿಮಗೂ.